ಹೊಲಿದ ಮಂಡಿ

ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ಬಲಮಂಡಿಯ ಆಪರೇಷನ್ ಆದ ಇಪ್ಪತ್ಮೂರನೆಯ ದಿನ ನಾಗರಾಜು ಮಗ್ಗದ ಗುಂಡಿಗೆ ಇಳಿದ.

ಹೆಂಡತಿ ಇಂದ್ರಾಣಿ ಜರಿ ತರಲು ಹಿಂದೂಪುರದ ಪೇಟೆಗೆ ಹೋಗಿದ್ದಳು. ಆರು ವಾರ ಆ ಕಾಲಿಗೆ ಭಾರ ಕೊಡಬಾರದು, ನಾಲ್ಕು ತಿಂಗಳು ಕುಕ್ಕರಗಾಲಲ್ಲಿ ಕೂರಬಾರದು ಎಂದು ಡಾಕ್ಟರು ಹೇಳಿದ್ದರು. ಮಗ್ಗದ ಮಾತು ಅವರು ಎತ್ತಿರಲಿಲ್ಲ. ಎತ್ತಿದರೆ ಬೇಡವೆಂದೇ ಅನ್ನುತ್ತಾರೆಂದು ಇವನೂ ಕೇಳಿರಲಿಲ್ಲ.

ಇಪ್ಪತ್ತೆರಡು ದಿನ ಮಂಚದ ಮೇಲೆ ಕೂತು ವ್ಯಾಯಾಮಕ್ಕೆಂದು ಟವೆಲಿನ ಸುರುಳಿಯನ್ನು ಮಂಡಿಯ ಕೆಳಗಿಟ್ಟು ಒತ್ತಿದ್ದ. ಪಕ್ಕದ ಮನೆಯ ಮಗ್ಗದ ಏಟು ಗೋಡೆ ದಾಟಿ ಬರುತ್ತಿತ್ತು. ಇವನ ಮಗ್ಗದಲ್ಲಿ ಅರ್ಧ ನೇಯ್ದ ಸೀರೆ ಹಳೇ ಪಂಚೆ ಹೊದ್ದು ಬಿದ್ದಿತ್ತು. ಇಂದ್ರಾಣಿಗೆ ನೇಯಲು ಬಾರದೆಂದಲ್ಲ. ಅವಳ ಏಟು ಹಗುರ. ಕೈ ಬದಲಾದ ಕಡೆ ಬಟ್ಟೆಯ ಮೇಲೆ ಪಟ್ಟೆ ಏಳುತ್ತದೆಂದು ಅವನು ಮುಟ್ಟಗೊಟ್ಟಿರಲಿಲ್ಲ.

ಧೈರ್ಯ ಕೊಟ್ಟವನು ಕಲ್ಯಾಣದುರ್ಗದಲ್ಲಿ ಆಟೋ ಓಡಿಸುವ ಭಾಮೈದ ಓಬುಳೇಶ್. ಅವನಿಗೂ ಇಂಥದೇ ಎರಡು ಸಣ್ಣ ತೂತಿನ ಆಪರೇಷನ್ ಆಗಿತ್ತು. ಹಿಂದಿನ ದಿನ ಫೋನಿನಲ್ಲಿ ನಕ್ಕಿದ್ದ: "ಹನ್ನೆರಡನೇ ದಿನ್ಕೇ ಆಟೋ ಹತ್ತಿದ್ನಲ್ಲ ಬಾವಾ! ನೀನೇನು ಬಾಣಂತಿನಾ?"

ಇಳಿಯುವುದು ಸುಲಭವಾಯಿತು. ಬೆಲ್ಟ್ ಬಿಗಿದ ಬಲಗಾಲನ್ನು ಗುಂಡಿಯೊಳಗೆ ನೇರ ಚಾಚಿ, ಎಡಗಾಲೊಂದರಿಂದಲೇ ಎರಡೂ ತುಳಿಹಲಗೆ ತುಳಿದ. ಬಲಗಡೆಯದನ್ನು ತುಳಿಯುವಾಗಲೆಲ್ಲ ಸೊಂಟ ತಿರುಗುತ್ತಿತ್ತು. ಆದರೂ ಲಾಳಿ ಓಡಿತು. ಬಹಳ ದಿನಗಳ ಮೇಲೆ ಕೈ ಬೆಚ್ಚಗಾಯಿತು. ನಾಲ್ಕು ಬೆರಳಗಲ ನೇಯ್ದಾಗ ಲಾಳಿ ಕೈತಪ್ಪಿ ಬಲಕ್ಕೆ ಹಾರಿತು. ಹಿಡಿಯಲು ಬಾಗಿದ. ಮಂಡಿಯೊಳಗೆ ಸೂಜಿ ಚುಚ್ಚಿದಂತೆ ಚಳಕ್ಕೆಂದಿತು.

ಎದ್ದುಬಿಡೋಣವೆಂದರೆ ಆಗಲಿಲ್ಲ. ಗುಂಡಿಯಿಂದ ಏಳಬೇಕಾದರೆ ಬಲಮಂಡಿ ಮಡಚಿ, ಪಾದ ಮೇಲಿಟ್ಟು, ಮೈ ತಿರುವಬೇಕು. ಮೂವತ್ತು ವರ್ಷ ಹಾಗೆಯೇ ಎದ್ದಿದ್ದ. ಹಾಗೆ ಏಳುವಾಗಲೇ ಮಂಡಿಯೊಳಗಿನ ಮೆತ್ತೆ ಹರಿದಿತ್ತು. ಡಾಕ್ಟರು ಹೊಲಿದದ್ದೂ ಅದನ್ನೇ.

ಮುಕ್ಕಾಲು ಗಂಟೆ ಅಲ್ಲೇ ಕೂತ. ಹೊಲಿಗೆ ಬಿಟ್ಟಿದ್ದರೆ ಮತ್ತೆ ಆಪರೇಷನ್. ಅದೂ ಬಿಟ್ಟರೆ ಮಗ್ಗವನ್ನೇ ಬಿಡಬೇಕು. ನೇಯ್ದದ್ದರ ಮೇಲೆ ಬೆರಳಾಡಿಸಿದ. ನಾಲ್ಕು ಬೆರಳಗಲವೂ ಬಲಕ್ಕೆ ಓರೆಯಾಗಿತ್ತು.

ಇಂದ್ರಾಣಿ ಬಂದು ಬಾಗಿಲಲ್ಲೇ ನಿಂತಳು.

"ಎಷ್ಟೊತ್ತಾಯ್ತು ಇಳಿದು?"

"ಈಗಷ್ಟೇ."

"ಈಗಷ್ಟೇ ಅನ್ನೋರಿಗೆ ಬೆವರು ನೋಡಿ! ಗಂಡಸಾದ್ರೆ ಎದ್ದು ಬನ್ನಿ ಮತ್ತೆ."

"ಏಳಾಕಾಗ್ತಿಲ್ಲ ಕಣೇ."

ಅವಳು ಜರಿಯ ಚೀಲ ಕೆಳಗಿಟ್ಟು ಪಕ್ಕದ ಮನೆಯ ಯುವರಾಜನನ್ನು ಕರೆದಳು. ಇಬ್ಬರೂ ಕಂಕುಳಿಗೆ ಕೈ ಕೊಟ್ಟು ಹಿಂದಕ್ಕೆ ಎಳೆದುಕೊಂಡರು. "ಅಣ್ಣಾ, ಹಳ್ಳಕ್ಕೆ ಬಿದ್ದ ಎಮ್ಮೆನೂ ಇಷ್ಟು ಭಾರ ಇರಲ್ಲ ಕಣಣ್ಣಾ," ಎಂದ ಯುವರಾಜ್.

ಆ ಮಧ್ಯಾಹ್ನ, ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಡುವ ಭಾರ್ಗವಿ ಮಂಡಿಯನ್ನು ಒತ್ತಿ, ಮೆಲ್ಲಗೆ ಮಡಚಿ ನೋಡಿದಳು. ಬಾವು ಬಂದಿತ್ತು. "ಯಾರು ಹೇಳಿದ್ರು ಕೂರಬಹುದು ಅಂತ?"

ನಾಗರಾಜು ಭಾಮೈದನ ಹೆಸರು ಹೇಳಿದ. ಅವಳು ಇವನ ಆಸ್ಪತ್ರೆ ಕಾಗದ ತೆರೆದು ಒಂದು ಸಾಲಿನ ಮೇಲೆ ಪೆನ್ನಿಟ್ಟಳು. "ನಿಮ್ದು ಹೊಲಿದಿರೋದು. ಕೆಲವರಿಗೆ ಕತ್ತರಿಸಿ ತೆಗೀತಾರೆ. ಅವರದ್ದು ಏನು ಮಾಡಿದ್ದಾರೋ ಕೇಳಿದ್ರಾ?"

ಅಲ್ಲಿಂದಲೇ ಫೋನ್ ಮಾಡಿದ.

"ನಿನ್ ಮಂಡಿ ಹೊಲಿದವ್ರೋ, ಕತ್ತರಿಸವ್ರೋ?"

"ಯಾರಿಗ್ಗೊತ್ತು ಬಾವಾ, ನಾನು ಮತ್ತಿನಲ್ಲಿದ್ದೆ."

"ಕಾಗದ ನೋಡ್ಲಾ!"

ಪೆಟ್ಟಿಗೆ ತೆಗೆವ ಸದ್ದು, ಓಬುಳೇಶನ ಹೆಂಡತಿಯ ಬೈಗುಳ, ಯಾರೋ ತೆಲುಗಿನಲ್ಲಿ ತಡವರಿಸಿ ಓದಿದ್ದು. ಆಮೇಲೆ ಓಬುಳೇಶನ ಸಣ್ಣ ದನಿ: "ಹರಿದ ಚೂರು ಕತ್ತರಿಸಿ ತೆಗೆದವ್ರಂತೆ. ಯಾಕ್ ಬಾವಾ?"

ನಾಗರಾಜು ಫೋನ್ ಇಟ್ಟ. ತುಂಡನ್ನು ಕತ್ತರಿಸಿ ತೆಗೆದರೆ ಅಲ್ಲಿಗೆ ಮುಗಿಯಿತು. ಗಂಟು ಹಾಕಿದ ಎಳೆಯನ್ನು ಒಮ್ಮೆಲೇ ಬಿಗಿದರೆ ಗಂಟು ಜಾರುತ್ತದೆ; ಮಂಡಿಯ ಹೊಲಿಗೆಯೂ ಕೂಡಿಕೊಳ್ಳಲು ಹೊತ್ತು ಬೇಕು. ಇದನ್ನು ಅವನಿಗೆ ಯಾರೂ ವಿವರಿಸಬೇಕಾಗಿರಲಿಲ್ಲ.

"ಹೊಲಿಗೆ ಬಿಟ್ಟಿದೆಯಾ?" ಎಂದು ಭಾರ್ಗವಿಯನ್ನು ಕೇಳಿದ.

"ಕೈಯಲ್ಲಿ ಮುಟ್ಟಿ ಖಚಿತ ಹೇಳೋಕಾಗಲ್ಲ. ಐಸ್ ಇಡಿ. ಮೂರು ದಿನದಲ್ಲಿ ಬಾವು ಇಳೀದಿದ್ರೆ ಸ್ಕ್ಯಾನು."

ಆ ಮೂರು ದಿನ ಅವನು ಗಳಿಗೆಗೊಮ್ಮೆ ಟೇಪು ಹಿಡಿದು ಎರಡೂ ಮಂಡಿಯ ಸುತ್ತಳತೆ ನೋಡಿಕೊಂಡ. ಇಂದ್ರಾಣಿ ಮೊದಲನೇ ದಿನವೇ ಮಗ್ಗಕ್ಕೆ ಕೂತು, ಓರೆಯಾದ ನಾಲ್ಕು ಬೆರಳಗಲವನ್ನು ಎಳೆ ಎಳೆಯಾಗಿ ಬಿಚ್ಚಿದಳು. ಆಮೇಲೆ ಅವನ ಕಡೆ ತಿರುಗದೆ ಕೇಳಿದಳು:

"ನೇಯ್ಲೋ, ಬ್ಯಾಡ್ವೋ?"

"ಪಟ್ಟೆ ಬರ್ತದೆ."

"ಬರ್ಲಿ ಬಿಡಿ. ನಿಮ್ಮ ಸೊಟ್ಟಕ್ಕಿಂತ ವಾಸಿ."

ಅವನು ಕುರ್ಚಿಯಲ್ಲಿ ಕೂತು, ಕಾಲನ್ನು ನೇರ ಎತ್ತಿ ಹತ್ತು ಎಣಿಸಿ ಇಳಿಸಿದ. "ಇನ್ನೊಂಚೂರು ಬಿಗಿಯಾಗಿ ಬಡಿ," ಎಂದ.

ಮೂರನೆಯ ದಿನ ಸಂಜೆಗೆ ಬಾವು ಇಳಿಯಿತು, ಸ್ಕ್ಯಾನ್ ಬೇಕಾಗಲಿಲ್ಲ. ಆರು ವಾರಕ್ಕೆ ಮಂಡಿ ತೊಂಬತ್ತು ಡಿಗ್ರಿ ಮಡಚಿತು, ಬೆಲ್ಟ್ ಬಿಚ್ಚಿದರು. ಅಷ್ಟರಲ್ಲಿ ಪಟ್ಟೆ ಎದ್ದ ಆ ಸೀರೆ ಮಗ್ಗದಿಂದ ಇಳಿದಿತ್ತು. ಮುಂದಿನ ಸೀರೆಯನ್ನು ಮೊದಲ ಎಳೆಯಿಂದಲೂ ಇಂದ್ರಾಣಿಯೇ ನೇಯ್ದಳು.