ತಗಡಿನ ಮೇಲೆ ಕರಗಿದ ಬ್ಲಾಕು

ನಾನು ಮೇಣದ ಒಂದು ಬ್ಲಾಕು. ಬೆಂಕಿಪೊಟ್ಟಣಕ್ಕಿಂತ ಸಣ್ಣ ಗಾತ್ರ. ಬೆನ್ನಿಗೆ ಪ್ಲಾಸ್ಟಿಕ್ ತಟ್ಟೆ, ಅದರ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದ ನಂಬರು. ಹೊಟ್ಟೆಯೊಳಗೆ ಹೆಬ್ಬೆರಳಿನ ಉಗುರಿನಷ್ಟು ಅಗಲದ ಲಿವರಿನ ತುಂಡು. ಕೊಳೆಯದಿರಲೆಂದು ಆ ತುಂಡನ್ನು ಮೊದಲು ಫಾರ್ಮಾಲಿನ್‌ನಲ್ಲಿ ನೆನೆಹಾಕಿದರು, ಆಮೇಲೆ ಸ್ಪಿರಿಟ್‌ನಲ್ಲಿ. ಬಿಸಿ ಮೇಣ ಸುರಿಯುವ ಹೊತ್ತಿಗೆ ಅದರಲ್ಲಿ ನೀರೂ ಇರಲಿಲ್ಲ, ನೋವೂ ಇರಲಿಲ್ಲ. ಮರಗಟ್ಟುವುದು ಅಂತ ನೀವು ಹೇಳುತ್ತೀರಲ್ಲ, ನನಗೆ ಅದು ಹುಟ್ಟುಗುಣ.

ನಾನು ಹುಟ್ಟಿದ್ದು ಕಲಬುರಗಿಯ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ. ತುಂಡಿನ ಧಣಿಯ ಹೆಸರು ತಾಯಪ್ಪ. ಸೇಡಮಿನವರು, ಸರ್ಕಾರಿ ಬಸ್ಸಿನ ಡ್ರೈವರು, ಐವತ್ತೊಂದು ವಯಸ್ಸು. ಜೊತೆಗೆ ಬಂದ ಚೀಟಿಯಲ್ಲಿ ಅವರ ಕಥೆ ನಾಲ್ಕೇ ಸಾಲು. ಸ್ಟೇರಿಂಗ್ ತಿರುಗಿಸುವಾಗ ಬಲ ಪಕ್ಕೆಯ ಕೆಳಗೆ ಭಾರ. ಐದು ತಿಂಗಳಲ್ಲಿ ಒಂಬತ್ತು ಕಿಲೋ ಇಳಿಕೆ. ರಕ್ತದಲ್ಲಿ ಹೆಪಟೈಟಿಸ್ ಬಿ. ಕುಡಿಯುವ ಅಭ್ಯಾಸವಿಲ್ಲ. ಕೊನೆಯ ಸಾಲನ್ನು ಮಾತ್ರ ಯಾರೂ ನಂಬಲಿಲ್ಲ. ಲಿವರ್ ಕೆಟ್ಟರೆ ಊರಿಗೆಲ್ಲ ಗೊತ್ತಿರುವ ಕಾರಣ ಒಂದೇ.

ಆಪರೇಷನ್‌ನಲ್ಲಿ ತೆಗೆದ ಗೆಡ್ಡೆ ತೆಂಗಿನಕಾಯಿಯಷ್ಟಿತ್ತು. ಅದರಿಂದ ನಾಲ್ಕೇ ತುಂಡು ತೆಗೆದರು. ಇನ್ನೂ ಹತ್ತು ತೆಗೆಯಬೇಕಿತ್ತು, ಆದರೆ ಅವತ್ತು ಮೇಜಿನ ಮೇಲೆ ಬೇರೆ ರೋಗಿಗಳ ಹದಿನೇಳು ಡಬ್ಬಿಗಳು ಸಾಲಾಗಿ ಕೂತಿದ್ದವು. ನಾಲ್ಕರಲ್ಲಿ ಒಂದು ನಾನು. ನನ್ನ ಮುಖದಿಂದ ಈರುಳ್ಳಿ ಸಿಪ್ಪೆಗಿಂತ ತೆಳುವಾದ ಪದರ ಕೊಯ್ದು, ಬಣ್ಣ ಹಾಕಿ, ಡಾಕ್ಟರ್ ಮಂದಾಕಿನಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಸಾಮಾನ್ಯವಾಗಿ ಕಾಣುವಂಥ ಲಿವರ್ ಕ್ಯಾನ್ಸರ್, ಅಂಚು ಸ್ವಚ್ಛವಾಗಿದೆ, ಪೂರ್ತಿ ತೆಗೆದಾಗಿದೆ ಎಂದು ಬರೆದರು. ಸುಳ್ಳು ಬರೆಯಲಿಲ್ಲ. ನನ್ನ ಮುಂಬದಿಯಲ್ಲಿ ಇದ್ದದ್ದೇ ಅಷ್ಟು. ಹಿಂಬದಿಯಲ್ಲಿ ಇನ್ನೊಂದು ಇತ್ತು. ಹೇಳುವುದಕ್ಕೆ ನನಗೆ ಬಾಯಿಲ್ಲ.

ತಾಯಪ್ಪ ಮತ್ತೆ ಬಸ್ಸು ಹತ್ತಿದರು. ಎಂಟು ತಿಂಗಳಿಗೆ ಲಿವರಿನ ಪಕ್ಕದ ಗಂಟುಗಳು ಊದಿಕೊಂಡವು. ಸರ್ಜನ್ ತಲೆ ಕೆರೆದುಕೊಂಡರು. ಈ ಜಾತಿಯ ಕ್ಯಾನ್ಸರ್ ಸಾಮಾನ್ಯವಾಗಿ ಆ ದಾರಿ ಹಿಡಿಯುವುದಿಲ್ಲವಂತೆ. ರೋಗದ ಹೆಸರು ತಪ್ಪಾಗಿದ್ದರೆ ಔಷಧಿಯೂ ತಪ್ಪುತ್ತದೆ, ಬ್ಲಾಕನ್ನು ಬೆಂಗಳೂರಿಗೆ ಒಯ್ದು ತೋರಿಸಿ ಎಂದರು. ನಮ್ಮ ಕಡೆ ಇಂಥದ್ದನ್ನು ರೋಗಿಯ ಮನೆಯವರೇ ಹೊತ್ತುಕೊಂಡು ಹೋಗಬೇಕು. ತಾಯಪ್ಪನ ಹೆಂಡತಿ ಚಂದಮ್ಮ ಬಂದು ಸಹಿ ಹಾಕಿದರು. ಅಟೆಂಡರ್ ರಜಾಕ್ ಮಿಯಾ ನನ್ನನ್ನು ಕಾಗದದ ಕವರಿಗೆ ಹಾಕಿ ಕೊಟ್ಟರು.

"ಜ್ವಾಕಿ ಇಡ್ರಿ ಅಕ್ಕಾ. ಇದರಾಗ ನಿಮ್ಮ ಯಜಮಾನ್ರ ರೋಗ ಅದ."

ತಂಪಾದ ಜಾಗದಲ್ಲಿ ಇಡಿ ಎಂದು ಅವರು ಹೇಳಲಿಲ್ಲ. ರೋಗ ಅದ ಎಂದದ್ದಷ್ಟೇ ಚಂದಮ್ಮನ ಕಿವಿಯಲ್ಲಿ ಉಳಿಯಿತು. ಕೊಯ್ದು ಹೊರಗೆ ಹಾಕಿದ ರೋಗವನ್ನು ಮತ್ತೆ ಹೊಸ್ತಿಲು ದಾಟಿಸಿ ಒಳಗೆ ತರುವುದುಂಟೇ? ಬೆಂಗಳೂರಿನ ರೈಲಿಗೆ ಟಿಕೆಟ್ಟು ಸಿಕ್ಕಿದ್ದು ನಾಲ್ಕು ದಿನ ಬಿಟ್ಟು. ಅಂಗಳದ ಬಚ್ಚಲುಮನೆಯ ತಗಡಿನ ಮೇಲೆ ನನ್ನನ್ನಿಟ್ಟು, ಗಾಳಿಗೆ ಹಾರದಂತೆ ಕವರಿನ ಅಂಚಿಗೆ ಇಟ್ಟಿಗೆ ಹೇರಿದರು. ಅದು ಮೇ ತಿಂಗಳು.

ಬಾಗಿಲ ಹತ್ತಿರದ ಮಂಚದಿಂದ ತಾಯಪ್ಪ ನೋಡುತ್ತಿದ್ದರು. "ಏನಿಟ್ಟೀ ಅಲ್ಲಿ?"

"ಸಂಡಿಗಿ ರೀ."

"ಒಂದು ಸಂಡಿಗಿಗಿ ಒಂದು ಇಟ್ಟಂಗಿ ಏನು?"

ಚಂದಮ್ಮ ನಕ್ಕು ಒಳಗೆ ಹೋದರು. ಮಧ್ಯಾಹ್ನಕ್ಕೆ ತಗಡು ಹೆಂಚಿನಂತೆ ಕಾದಿತು. ನಾನು ಕರಗಿದೆ. ಒಳಗಿನ ತುಂಡು ತಳ ಬಿಟ್ಟು ಮಗ್ಗುಲಾಯಿತು. ಸಂಜೆಗೆ ಸೊಟ್ಟಗೆ ಗಟ್ಟಿಯಾದೆ. ನಾಲ್ಕು ದಿನವೂ ಇದೇ.

ಬೆಂಗಳೂರಿನ ಲ್ಯಾಬಿನ ಹೆಣ್ಣುಮಗಳು ಕವರು ತೆರೆದು, "ಯಾರಮ್ಮಾ ಇದನ್ನ ಒಲೆ ಮೇಲೆ ಇಟ್ಟಿದ್ದು?" ಎಂದು ಗದರಿದಳು. ಚಂದಮ್ಮ ಸೆರಗು ಬಾಯಿಗೆ ಒತ್ತಿಕೊಂಡು, "ನಾನೇ ರೀ" ಎಂದರು. ಲ್ಯಾಬಿನವಳು ನನ್ನನ್ನು ಪೂರ್ತಿ ಕರಗಿಸಿ ಹೊಸ ಮೇಣ ಹೊಯ್ದಳು. ಈ ಸಲ ತುಂಡಿನ ಹಿಂಬದಿ ಮುಂದೆ ಬಂತು. ಅದರಲ್ಲಿ ಪಿತ್ತನಾಳದ ಕ್ಯಾನ್ಸರ್ ಇತ್ತು. ಒಂದೇ ಗೆಡ್ಡೆಯಲ್ಲಿ ಎರಡು ಜಾತಿ ಬೆರೆತಿರುವುದು ತೀರ ಅಪರೂಪವಂತೆ. ಔಷಧಿ ಬದಲಾಯಿತು.

ಆದರೆ ಹೇಗೆ ಗೊತ್ತಾಯಿತೆಂದು ಚಂದಮ್ಮನಿಗೆ ಯಾರೂ ಹೇಳಲಿಲ್ಲ. ಅವರಿಗೆ ತಿಳಿದದ್ದು ಇಷ್ಟು: ತಾನು ಬಿಸಿಲಿಗಿಟ್ಟೆ, ಒಂದಿದ್ದ ರೋಗ ಎರಡಾಯಿತು.

ನಾನು ಕಲಬುರಗಿಗೆ ವಾಪಸು ಬಂದೆ. ಬ್ಲಾಕು ಕರಗಿ ತುಂಡು ಮಗುಚಿತ್ತೆಂದು ಬೆಂಗಳೂರಿನ ವರದಿಯಲ್ಲಿ ಬರೆದಿತ್ತು; ಮಂದಾಕಿನಿ ಮೇಡಮ್ ಅದನ್ನು ಎರಡು ಸಲ ಓದಿ, ತಮ್ಮ ಹಳೆಯ ವರದಿಗೆ ಪಿನ್ ಮಾಡಿ ಕಪಾಟಿನಲ್ಲಿಟ್ಟರು. ಯಾರ ಹತ್ತಿರವೂ ಏನೂ ಆಡಲಿಲ್ಲ. ನಾನು ಕಬ್ಬಿಣದ ಡ್ರಾಯರಿನಲ್ಲಿ ನನ್ನಂಥ ನೂರಾರು ಮಂದಿಯ ಜೊತೆ ಕೂತೆ. ಎಲ್ಲರ ಹೊಟ್ಟೆಯಲ್ಲೂ ಯಾರದೋ ಒಂದು ತುಂಡು. ಯಾರೂ ಮಾತಾಡುವುದಿಲ್ಲ. ನನ್ನ ಮೇಣ ಹಳದಿಯಾಯಿತು. ಪದೇ ಪದೇ ಕೊಯ್ದು ತುಂಡು ಸವೆದಿದೆ. ಇನ್ನು ಎರಡು ಮೂರು ಪದರ ತೆಗೆದರೆ ನಾನು ಬರೀ ಮೇಣ.

ಈ ಮಾರ್ಚಿನಲ್ಲಿ ಮೇಡಮ್ ಅಪರೂಪದ ಲಿವರ್ ಕ್ಯಾನ್ಸರುಗಳ ಬಗ್ಗೆ ಲೇಖನ ಬರೆಯಲು ಕೂತರು. ಹನ್ನೆರಡು ವರ್ಷಗಳಲ್ಲಿ ಹತ್ತೊಂಬತ್ತು ಮಂದಿ. ನಾನು ಹನ್ನೊಂದನೆಯ ಕೇಸು. ನಮ್ಮನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡು, ಆಪರೇಷನ್ ಆದಮೇಲೆ ಯಾರು ಎಷ್ಟು ತಿಂಗಳು ಬದುಕಿದರೆಂದು ಒಬ್ಬೊಬ್ಬರ ಮನೆಗೆ ಫೋನು ಮಾಡಿದರು. ಕೆಲವು ನಂಬರು ಚಾಲ್ತಿಯಲ್ಲಿರಲಿಲ್ಲ. ಸೇಡಮಿನ ನಂಬರು ಹತ್ತಿತು, ಎತ್ತಿದ್ದು ಚಂದಮ್ಮ. ಬರೆದುಕೊಳ್ಳಲು ಕೈ ಬಿಡುವಾಗಲಿ ಎಂದು ಸ್ಪೀಕರು ಹಾಕಿದ್ದರು.

"ತಾಯಪ್ಪ ಅವರ ಮನಿ ಏನ್ರೀ?"

"ಹೌದ್ರಿ. ಅವರು ಹೋಗಿ ವರ್ಷದ ಮ್ಯಾಲಾತು. ಈ ಸಲದ್ದಲ್ರಿ, ಅದರ ಹಿಂದಿನ ಎಳ್ಳ ಅಮಾಸಿ ಮರುದಿನ."

ಮೇಡಮ್ ಲೆಕ್ಕ ಹಾಕಿ ಇಪ್ಪತ್ತೇಳು ಎಂದು ಬರೆದರು. ಫೋನು ಇಡುವುದರಲ್ಲಿದ್ದರು.

"ಮೇಡಮ್, ಒಂದು ಮಾತು ಕೇಳ್ಲೇನ್ರಿ? ಆ ಮೇಣ ನಾ ಬಿಸಲಾಗ ಇಡದಿದ್ರ ಅವರು ಉಳೀತಿದ್ರೇನ್ರಿ?"

ಹಂಗೇನಿಲ್ಲಮ್ಮ ಎಂದು ಹೇಳಿ ಮುಗಿಸಬಹುದಿತ್ತು. ಇನ್ನೂ ಎಂಟು ಮನೆಗೆ ಫೋನು ಮಾಡುವುದು ಬಾಕಿ ಇತ್ತು. ಮೇಡಮ್ ಪೆನ್ನು ಕೆಳಗಿಟ್ಟರು.

"ಇಲ್ಲ ಚಂದಮ್ಮ. ಎರಡನೇದು ಮೊದಲಿಂದನೂ ಇತ್ತು. ನಾನು ನೋಡ್ಲಿಲ್ಲ. ತಪ್ಪು ನಂದು. ನೀವು ಬಿಸಲಾಗ ಇಟ್ಟದ್ದಕ್ಕ ತುಂಡು ಹೊಳ್ಳಿ ಹಿಂದಿನ ಮುಖ ಮುಂದ ಬಂತು, ಆವಾಗ ಕಾಣಸ್ತು. ಇಲ್ಲಂದ್ರ ಆ ಔಷಧಿನೇ ಸಿಗ್ತಿದ್ದಿಲ್ಲ. ಅಷ್ಟು ದಿನಾನೂ ಅವರು ಇರ್ತಿದ್ದಿಲ್ಲ."

ಆ ಕಡೆ ಬೀದಿಯಲ್ಲಿ ಯಾವುದೋ ಬಸ್ಸು ಹಾರ್ನ್ ಹೊಡೆದದ್ದು ಕೇಳಿಸಿತು.

"ಆವಾಗ್ಲೇ ಹೇಳಬೇಕಿತ್ರಿ ಮೇಡಮ್," ಎಂದರು ಚಂದಮ್ಮ. ದನಿ ಏರಲಿಲ್ಲ. "ನಾನೇ ಕೆಡಿಸಿದ್ನಿ ಅಂತ ಅವರ ಕಾಲು ಹಿಡಕೊಂಡು ಅತ್ತಿದ್ನಿ. ಹೋಗ್ಲಿ ಬಿಡು, ಮಾಫ್ ಮಾಡೀನಿ ಅಂದ್ರು. ಹಂಗ ಅಂದು ಹೋದ್ರು."

ಫೋನು ಇಟ್ಟ ಸದ್ದಾಯಿತು. ಮೇಡಮ್ ಹನ್ನೆರಡನೆಯ ನಂಬರು ಒತ್ತಲಿಲ್ಲ.