ಹೇಮಪ್ಪನ ಗೋಡೆ

ಆ ಕುರ್ಚಿಯ ಉಸಾಬರಿ ಬೇಡವೆಂದು ನಾನು ಮೊದಲೇ ಹೇಳಿದ್ದೆ. ಕಾರಕೂನನ ಮಾತು ಯಾರು ಕೇಳುತ್ತಾರೆ? ಉಡಚಪ್ಪ ವಕೀಲರು ಗದಗ-ಬೆಟಗೇರಿ ಮುನಸಿಪಾಲಿಟಿಯ ಅಧ್ಯಕ್ಷರಾದರು. ಹದಿನೆಂಟು ವರ್ಷ ಅವರ ಕೋರ್ಟು ಕಾಗದ ಬರೆದ ನನಗೆ, ಅಂದರೆ ಈ ನಜೀರಸಾಬನಿಗೆ, ತಲೆಶೂಲೆ ಶುರುವಾಯಿತು.

ಚುನಾವಣೆಗೆ ಮುಂಚೆ ಬೆಟಗೇರಿಯ ನೇಕಾರರ ಓಣಿಯಲ್ಲಿ ನಿಂತು ಮಾತು ಕೊಟ್ಟುಬಿಟ್ಟಿದ್ದರು, ಕನ್ನಡ ನಾಡು ಒಂದಾಗುವ ದಿನ ಈ ಓಣಿಗೆ ನಳದ ನೀರು ಬರುತ್ತದೆಂದು. ದಿಲ್ಲಿಯವರು ನವೆಂಬರ್ ಒಂದನೇ ತಾರೀಖು ಗೊತ್ತುಮಾಡಿದರು. ಓಣಿಗೆ ಕೊಳವೆ ಹಾಯಲು ಇದ್ದದ್ದು ಒಂದೇ ದಾರಿ, ನೇಕಾರ ಹೇಮಪ್ಪನ ಹಿತ್ತಲು. ಉಳಿದೆಡೆಯೆಲ್ಲ ಬಂಡೆಗಲ್ಲು. ಆ ಹಿತ್ತಲನ್ನು ಮುನಸಿಪಾಲಿಟಿ ಅಗೆಯಕೂಡದೆಂದು ನಾಲ್ಕು ವರ್ಷದ ಹಿಂದೆ ಅವನ ಪರವಾಗಿ ಕೋರ್ಟಿನಿಂದ ತಾಕೀದು ತಂದವರು ಯಾರು? ಇದೇ ಉಡಚಪ್ಪ ವಕೀಲರು. ಮಾಡಿದ್ದುಣ್ಣೋ ಮಹಾರಾಯ.

ಹೇಮಪ್ಪ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದರೆ ತಾಕೀದು ತೆಗೆಸಬಹುದಿತ್ತು. ಮೂರು ಸಲ ಹೋದೆವು. ಮೂರು ಸಲವೂ ಚಹಾ ಕುಡಿಸಿ ಕಳಿಸಿದ.

“ಯಾರು ಬಂದು ಕೇಳಿದ್ರೂ ಸಹಿ ಹಾಕಬ್ಯಾಡ ಅಂತ ನಮ್ಮ ವಕೀಲರು ಹೇಳ್ಯಾರ್ರಿ.”

“ಆ ವಕೀಲ ನಾನೇ ಅಲ್ಲೇನಲೇ!” ವಕೀಲರು ಕೂಗಿದರು.

“ಹೌದ್ರಿ. ಮುನಸಿಪಾಲಿಟಿ ಅಧ್ಯಕ್ಷರ ಮಾತಿಗಂತೂ ಮರುಳಾಗಬ್ಯಾಡ ಅಂದಿದ್ರಿ.”

ನನಗೆ ನಗೆಯೂ ಬಂತು, ಸಿಟ್ಟೂ ಬಂತು. ಇಷ್ಟು ವರ್ಷದಲ್ಲಿ ವಕೀಲರ ಮಾತನ್ನು ಅಕ್ಷರಶಃ ಪಾಲಿಸಿದ ಕಕ್ಷಿಗಾರ ಇವನೊಬ್ಬನೇ. ಪಾಲಿಸಲು ಇವನಿಗೆ ಇದೇ ಮಾತು ಸಿಗಬೇಕೇ?

ಅತ್ತ ಅದೇ ಓಣಿಯ ದೇವವ್ವ ದಿನಾ ಕಚೇರಿಗೆ ಬರುತ್ತಿದ್ದಳು. ಅರವತ್ತು ದಾಟಿದ ಮುದುಕಿ. ಕೆರೆಯಿಂದ ಎರಡು ಕೊಡ ಹೊತ್ತು ಹೋಗುವಾಗ ನಮ್ಮ ಮೆಟ್ಟಿಲ ಮೇಲೆ ಅವನ್ನು ಇಳಿಸಿಯೇ ಕೇಳುವಳು.

“ಏನ್ರಿ ಅಧ್ಯಕ್ಷರ, ನಾಡೆಲ್ಲಾ ಒಂದಾಗಾಕ ಹತ್ತೇತಿ. ನಮ್ಮ ಓಣಿಗೆ ಒಂದು ನಳ ತರಾಕ ಇಷ್ಟು ತಿಣಕತೀರಲ್ಲ?”

ವಕೀಲರು ಫೈಲಿನಲ್ಲಿ ಮುಖ ಹುದುಗಿಸುತ್ತಿದ್ದರು. ಉತ್ತರ ಹೇಳುವ ಕರ್ಮ ನನ್ನದು.

ಅಕ್ಟೋಬರ್ ಮೊದಲ ವಾರ ನಾಲ್ಕನೆಯ ಸಲ ಹೋದೆವು. ಅಂದು ಹೇಮಪ್ಪ ಮಗ್ಗದಿಂದ ಎದ್ದು ಬಂದು ಕೈಮುಗಿದ.

“ಓಣಿಗೆ ನೀರು ಬ್ಯಾಡ ಅಂತ ನನಗೇನೂ ಹಟ ಇಲ್ಲರಿ. ಆದ್ರ ಅಗದ್ರ ಹಿಂದಿನ ಗ್ವಾಡಿ ಬೀಳತೈತಿ. ಹೆಂಡ್ತಿ ಮಕ್ಕಳು ಅದರಡಿ ಸಿಗತಾರ. ಕೋರ್ಟಿನಾಗ ನೀವೇ ಹೇಳಿದ್ರಿ. ಅವತ್ತಿಂದ ಆ ಖೋಲಿಗೆ ಕೀಲಿ ಹಾಕೇನಿ. ಆರು ಮಂದಿ ಪಡಸಾಲ್ಯಾಗ ಮಲಗತೀವಿ.”

ಕೋಣೆಯ ಕೀಲಿಗೆ ತುಕ್ಕು ಹಿಡಿದಿತ್ತು. ಹಿತ್ತಲಿನ ಬೇವಿನ ಸಸಿ ಉಳಿಯಲೆಂದು ಇವನು ನಮ್ಮಲ್ಲಿಗೆ ಬಂದವನು. ಸಸಿಯ ಹೆಸರಿನಲ್ಲಿ ದಾವೆ ಗೆಲ್ಲುವುದಿಲ್ಲವೆಂದು ವಕೀಲರು ಎಲೆಯಡಿಕೆ ಮೆಲ್ಲುತ್ತ ಗೋಡೆಯ ಮಾತು ಹುಟ್ಟಿಸಿದರು. ಗೋಡೆಯಲ್ಲಿ ಇಲ್ಲದ ಮೂರು ಬಿರುಕುಗಳನ್ನು ದಾವೆಯ ಕಾಗದದಲ್ಲಿ ನಾನು ದುಂಡಗೆ ಬರೆದಿದ್ದೆ.

ಗೋಡೆ ಈಗ ಗಟ್ಟಿಯಾಗಿದೆ, ಇಂಜಿನಿಯರು ನೋಡಿದ್ದಾರೆ, ಹೀಗೇ ಏನಾದರೊಂದು ಹೇಳಿ ವಕೀಲರು ಪಾರಾಗುತ್ತಾರೆಂದುಕೊಂಡೆ. ಹಾಗೆ ಹೇಳಲಿ ಎಂದು ಬೇಡಿಕೊಂಡೆ ಕೂಡ. ವಕೀಲರು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದರು.

“ಗ್ವಾಡಿ ಗಟ್ಟಿ ಐತಿ, ಹೇಮಪ್ಪ. ಅವತ್ತೂ ಗಟ್ಟಿ ಇತ್ತು. ಬೀಳತೈತಿ ಅಂದದ್ದು ಸುಳ್ಳು. ದಾವೆ ಗೆಲ್ಲಾಕ ನಾ ಕಟ್ಟಿದ ಮಾತು.”

ಹೇಮಪ್ಪ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಕೀಲಿ ತೆಗೆದು ಒಳಗೆ ಹೋಗಿ ಗೋಡೆಯನ್ನು ಅಂಗೈಯಿಂದ ಬಡಿದ. ಇನ್ನೊಮ್ಮೆ ಬಡಿದ. ಹೊರಗೆ ಬಂದು ನನ್ನ ಲೇಖನಿ ತೆಗೆದುಕೊಂಡು ಸಹಿ ಹಾಕುವ ಮೊದಲು ತಲೆಯೆತ್ತಿ ಕೇಳಿದ.

“ಈ ಸಲ ಖರೇನ ಹೌದಲ್ರಿ?”

ವಕೀಲರು ಹೌದೆಂದು ತಲೆ ಅಲ್ಲಾಡಿಸಿದರು.

ನವೆಂಬರ್ ಒಂದರ ಬೆಳಿಗ್ಗೆ ನಳದಲ್ಲಿ ನೀರು ಬಂತು. ದೇವವ್ವ ಮೊದಲ ಕೊಡ ತುಂಬಿ, ಒಂದು ಲೋಟ ಅಧ್ಯಕ್ಷರ ಕೈಗೆ ಕೊಟ್ಟಳು. ಓಣಿಯವರೆಲ್ಲ ಚಪ್ಪಾಳೆ ತಟ್ಟಿದರು. ಹೇಮಪ್ಪ ಮಾತ್ರ ಬರಲಿಲ್ಲ. ತೆರೆದ ಬಾಗಿಲಲ್ಲಿ ಅವನ ಹಿಂದಿನ ಕೋಣೆ ಕಾಣುತ್ತಿತ್ತು. ಮಲಗುವ ಹೊರಸನ್ನು ಗೋಡೆಗೇ ಹತ್ತಿಸಿ ಹಾಕಿದ್ದ. ಅದರ ಮೇಲೆ ಅವನ ಚಿಕ್ಕ ಮಗಳು ಗೋಡೆಗೆ ಬೆನ್ನು ಕೊಟ್ಟು ಕುಳಿತಿದ್ದಳು.

ವಕೀಲರು ಲೋಟವನ್ನು ನನ್ನತ್ತ ಚಾಚಿದರು. “ನೀ ಕುಡಿ, ನಜೀರ.”

“ನನಗೂ ಬ್ಯಾಡ್ರಿ,” ಎಂದೆ. ಆ ಮೂರು ಬಿರುಕು ನನ್ನ ಅಕ್ಷರದಲ್ಲೇ ಇದ್ದವು.