ಗುರುವಿನ ಒಂದು ಸುತ್ತು

ಇದು ಅಲ್ಲಿಯದೋ, ನನ್ನ ಕಣ್ಣಿನದೋ — ಒತಿಲಿಯಾ ಗಟ್ಟಿಯಾಗಿಯೇ ಕೇಳಿದಳು, ಕೇಳಿಸಿಕೊಳ್ಳಲು ಅಂಗಳದಲ್ಲಿ ಯಾರೂ ಇಲ್ಲ, ಎಲೆ ಉದುರಿದ ದ್ರಾಕ್ಷಿಬಳ್ಳಿಗಳು, ಎಲ್ಕಿ ಕಣಿವೆಯ ಕೊರೆಯುವ ಗಾಳಿ, ದೂರದರ್ಶಕದೊಳಗೆ ಗುರುಗ್ರಹ, ಅದರ ನಟ್ಟನಡುವೆ, ಅದರ ಜೊತೆಗೇ ತಿರುಗುವ ಆ ಕೆಂಪು ಕಲೆ, ಬಲಿಪೀಠದ ಬಿಳಿ ಬಟ್ಟೆಯ ಮೇಲೆ ಬಿದ್ದ ದ್ರಾಕ್ಷಾರಸದ ಹನಿಯ ಹಾಗೆ, ನಿನ್ನೆ ರಾತ್ರಿ ಎಂಟೂ ಹತ್ತಕ್ಕೆ ಅಲ್ಲೇ ಇತ್ತು, ಆಮೇಲೆ ಅಂಚಿಗೆ ಸರಿದು ಆಚೆ ಇಳಿಯಿತು, ಮರಳಬೇಕಾದದ್ದು ಬೆಳಗಿನ ಆರೂ ಐದಕ್ಕೆ, ಕಿಟಕಿಯಾಚೆ ಅಡುಗೆಮನೆಯ ಗಡಿಯಾರದಲ್ಲಿ ಈಗಿನ್ನೂ ಐದೂ ಐದು — ಒಂದು ತಾಸು ಮೊದಲೇ ಬಂದುಬಿಡಲು ಅದೇನು ಊರಿನ ಬಸ್ಸೇ, ಎಡಗಣ್ಣು ಹೋಗಿ ಎರಡು ವರ್ಷವಾಯಿತು, ಬಲಗಣ್ಣಲ್ಲೂ ಇಲ್ಲದ ಕಲೆಗಳು ಕಾಣಿಸ್ತವೆ ಅಜ್ಜಿ, ನಂಬಬೇಡಿ ಅಂದಿದ್ದಳು ಡಾಕ್ಟರಮ್ಮ, ಮುಂದಿನ ಚಳಿಗಾಲಕ್ಕೆ ಈ ಕಣ್ಣೂ ಉಳಿಯುವುದಿಲ್ಲ, ಒಂದು ಸುತ್ತು, ಒಂದೇ ಒಂದು ಪೂರ್ತಿ ಸುತ್ತು ನೋಡಬೇಕಿತ್ತು, ಬೆಟ್ಟದ ಮೇಲಿನ ವೀಕ್ಷಣಾಲಯದ ನೆಲವನ್ನು ಮೂವತ್ತು ವರ್ಷ ಒರೆಸಿದವಳಿಗೆ ಈ ಹಳೆಯ ದೂರದರ್ಶಕ ಕೊಟ್ಟುಹೋದ ವಿಜ್ಞಾನಿ ಹೇಳಿದ್ದನಲ್ಲ, ಸಾವಿರಕ್ಕೂ ಹೆಚ್ಚು ಭೂಮಿ ಅದರ ಹೊಟ್ಟೆಯಲ್ಲಿ ಹಿಡಿಸ್ತವೆ ಒತಿಲಿಯಮ್ಮ, ಕಾಲೂರೋಕೆ ನೆಲ ಇಲ್ಲ, ಬರೀ ಅನಿಲ, ಆದ್ರೂ ಒಂದು ಸುತ್ತಿಗೆ ಹತ್ತು ಗಂಟೆನೂ ಹಿಡಿಯಲ್ಲ, ಐದು ನಿಮಿಷ ಕಮ್ಮಿ — ಆಗಲೇ ಅಪ್ಪ ಕಣ್ಣ ಮುಂದೆ ಬಂದ, ಶಿಲುಬೆಯ ಜಾಗರಣೆಯಲ್ಲಿ ಹೊತ್ತು ಮೂಡುವತನಕ ಹತ್ತು ಸಾಲಿನ ಪದ ಹಾಡುವ ಅಪ್ಪ, ಹತ್ತನೆಯ ಸಾಲಿನ ಬಾಲವನ್ನು ಉಸಿರಿಗಾಗಿ ನುಂಗಿ ಮತ್ತೆ ಮೊದಲ ಸಾಲಿಗೆ ಹಾರುತ್ತಿದ್ದ, ಹಾಗೆಯೇ ದೇವರೂ ಆ ಐದು ನಿಮಿಷ ನುಂಗಿದ್ದಾನೆ, ನಿಲ್ಲದೆ ಹಾಡಬೇಕಲ್ಲ — ಬಾಗಿಲು ಕಿರುಗುಟ್ಟಿತು, ತಂಗಿ ಸುಲೆಮಾ, ಕಂಬಳಿ ಹೊದ್ದು, ಏನಕ್ಕಾ, ರಾತ್ರಿಯೆಲ್ಲಾ ಅದರ ಜೊತೇನೇ ಸಂಸಾರಾನಾ, ಗಡಿಯಾರ ನಿಂತಿದೆಯಾ ನೋಡೇ ಅಂದಳು ಒತಿಲಿಯಾ ಕಣ್ಣು ತೆಗೆಯದೆ, ಯಾಕೆ ನಿಲ್ಲತ್ತೆ, ಮಲಗೋ ಮುಂಚೆ ನಾನೇ ಒಂದು ಗಂಟೆ ಹಿಂದಕ್ಕೆ ತಿರುಗಿಸಿದೆ, ಇವತ್ತಿಂದ ಚಳಿಗಾಲದ ಟೈಮು, ಸರ್ಕಾರದ ಲೆಕ್ಕ, ವರ್ಷಾ ವರ್ಷಾ ಮರೀತೀಯ.

ಹಿಂದಕ್ಕೆ, ಅಂದರೆ ಐದೂ ಐದಲ್ಲ, ಆರೂ ಐದು, ಆರೂ ಐದೇ — ದೇಶದ ಗಡಿಯಾರಗಳೆಲ್ಲ ರಾತ್ರೋರಾತ್ರಿ ಹಿಂದೆ ಸರಿದವು, ಅದು ಸರಿಯಲಿಲ್ಲ, ಅಷ್ಟು ದೊಡ್ಡ ಮೈ, ನೆಲವೇ ಇಲ್ಲದ ಮೈ, ಯಾರಿಗೂ ಹೇಳದೆ ಕೇಳದೆ ಹೊರಳಿ ಹೇಳಿದ ಹೊತ್ತಿಗೆ ಬಂದು ನಿಂತಿದೆ, ಕಣ್ಣಿನದಲ್ಲ, ಅಲ್ಲಿಯದು, ಸ್ವಾಮೀ ಅಲ್ಲಿಯದು, ಪಡುವಣ ಬೆಟ್ಟದ ಅಂಚು ಮೇಲೇರುತ್ತಿದೆ, ಇನ್ನೇನು ಗ್ರಹವನ್ನು ನುಂಗಿಬಿಡುತ್ತದೆ, ಒಲೆ ಹಚ್ಚಿದೀನಿ, ನೋಡಿದ್ದಾಯ್ತಲ್ಲ, ಬಾ ಒಳಗೆ ಎನ್ನುತ್ತಿದ್ದಾಳೆ ಸುಲೆಮಾ, ತೋಳು ಹಿಡಿದು ಎಳೆಯುತ್ತಿದ್ದಾಳೆ, ಬಿಳಿ ಬಟ್ಟೆ, ಅದರ ಮೇಲೆ ಹನಿ, ಕೆಂಪು ಹನಿ —

"ಬರಲ್ಲ."